ಹಿಂಡುವವರು, ಚಿಮುಕಿಸುವವರು

ನೃತ್ಯ ಕಾರ್ಯಾಗಾರಕ್ಕೆ ಬರುವವರು ಬಾಗಿಲಲ್ಲೇ ಒಂದು ಮಾತು ಹೇಳಿಬಿಡುತ್ತಾರೆ: ‘ನಂಗೆ ಡ್ಯಾನ್ಸ್ ಬರಲ್ಲ ಕಣ್ರೀ.’ ಅವರು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಅರ್ಧ ಶೈಲಿ ಗೊತ್ತಾಗಿಹೋಗಿರುತ್ತದೆ. ಒಬ್ಬರು ನಡೆಯುತ್ತಲೇ ಕೊಡವಿ ಬಿಡುತ್ತಾರೆ. ಇನ್ನೊಬ್ಬರು ಕೂತು, ಒಂದೊಂದಾಗಿ ಬಿಚ್ಚಿ, ಗೋಡೆಗೆ ಒತ್ತರಿಸಿ ಜೋಡಿಸುತ್ತಾರೆ.

ಈ ವ್ಯತ್ಯಾಸಕ್ಕೆ ಲೆಕ್ಕ ಹಾಕಿಕೊಟ್ಟವನು ರುಡಾಲ್ಫ್ ಲಾಬಾನ್. 1879ರಲ್ಲಿ ಇಂದಿನ ಬ್ರಾಟಿಸ್ಲಾವಾದಲ್ಲಿ ಹುಟ್ಟಿ, ನಾಜಿ ಜರ್ಮನಿ ಬಿಟ್ಟು ಇಂಗ್ಲೆಂಡ್ ಸೇರಿದ ನೃತ್ಯಗುರು. ಎರಡನೇ ಮಹಾಯುದ್ಧದ ಕಾಲದಲ್ಲಿ ಎಫ್. ಸಿ. ಲಾರೆನ್ಸ್ ಎಂಬ ಉದ್ಯಮ ಸಲಹೆಗಾರನ ಜೊತೆ ಕಾರ್ಖಾನೆಗಳಲ್ಲಿ ಕೆಲಸಗಾರರ ಮೈಕೈ ಓಡಾಟ ಗಮನಿಸಿದ. ಪ್ರತಿ ಚಲನೆಗೂ ಅವನದು ಮೂರು ಪ್ರಶ್ನೆ: ಭಾರ ಗಟ್ಟಿಯೋ ಹಗುರವೋ, ಹೊತ್ತು ದಿಢೀರೋ ನಿಧಾನವೋ, ದಾರಿ ನೇರವೋ ಸುತ್ತುಬಳಸೋ. ಒಂದೊಂದಕ್ಕೂ ಎರಡು ಉತ್ತರ, 2×2×2, ಹೀಗೆ 8 ಬಗೆಯ ಚಲನೆ: ಗುದ್ದು, ಒತ್ತು, ಬೀಸು, ಹಿಂಡು, ತಟ್ಟು, ಜಾರು, ಚಿಮುಕಿಸು, ತೇಲು. ತಡೆದು ಹಿಡಿಯುವುದೋ ಹರಿಯಬಿಡುವುದೋ ಎಂಬ ನಾಲ್ಕನೆಯ ಲೆಕ್ಕವೂ ಇದೆ. ಮೊದಲ ದಿನಕ್ಕೆ ಅದು ಬೇಡ.

ಎಲ್ಲವೂ ನಮ್ಮ ಮನೆಯವೇ. ಅಂಗಳಕ್ಕೆ ನೀರು ಚಿಮುಕಿಸುವುದು ಹಗುರ, ದಿಢೀರ್, ಎಲ್ಲಿ ಬಿದ್ದರೂ ಸರಿ. ಆಮೇಲಿನ ರಂಗೋಲಿ ಚುಕ್ಕಿ ಅಷ್ಟೇ ಹಗುರ, ಅಷ್ಟೇ ಬೇಗ, ಆದರೆ ಗುರಿ ತಪ್ಪುವಂತಿಲ್ಲ, ಅದು ತಟ್ಟು. ಚಕ್ಕುಲಿ ಒತ್ತುತ್ತೇವೆ, ಇಸ್ತ್ರಿಪೆಟ್ಟಿಗೆ ಜಾರಿಸುತ್ತೇವೆ, ಒಗೆಯುವ ಕಲ್ಲಿಗೆ ಬೆಡ್‌ಶೀಟ್ ಬೀಸುತ್ತೇವೆ. ಅದೇ ಬೆಡ್‌ಶೀಟ್ ಹಿಂಡುವವರನ್ನು ಸ್ವಲ್ಪ ನಿಂತು ನೋಡಿ. ಮಣಿಕಟ್ಟಿನಲ್ಲಿ ಶುರುವಾದ ತಿರುಚು ಮೊಣಕೈ ಹತ್ತಿ, ಭುಜಕ್ಕೇರಿ, ಸೊಂಟ ಎದುರು ದಿಕ್ಕಿಗೆ ಹೊರಳಿ, ಒಂದು ಹಿಮ್ಮಡಿ ನೆಲ ಬಿಟ್ಟಿರುತ್ತದೆ. ಮೂತಿಯೂ ಸೊಟ್ಟಗಾಗಿರುತ್ತದೆ. ಬೆಡ್‌ಶೀಟ್ ತೆಗೆದಿಟ್ಟು ಅಷ್ಟನ್ನೇ ಒಂದರಿಂದ ಎಂಟರವರೆಗೆ ಎಣಿಸುತ್ತ ಮಾಡಿದರೆ ನೃತ್ಯವಾಯಿತು.

ಬರಿಗಾಲಲ್ಲಿ ಮಾಡಬೇಕು, ಸಾಕ್ಸ್ ಹಾಕಿದರೆ ಟೈಲ್ಸ್ ಮೇಲೆ ಬೇಡದೆಯೇ ‘ಜಾರು’ ಬಂದುಬಿಡುತ್ತದೆ. ಮೊದಲ 10 ನಿಮಿಷ ಬರೀ ನಡಿಗೆ. ಆಮೇಲೆ ಎಂಟಕ್ಕೂ 3 ನಿಮಿಷದಂತೆ ಕಾಲ. ಮೊದಲ ನಿಮಿಷವೆಲ್ಲ ನಟನೆ: ಗುದ್ದು ಎಂದರೆ ಬಾಕ್ಸಿಂಗ್, ತೇಲು ಎಂದರೆ ಹಕ್ಕಿ ರೆಕ್ಕೆ. ಎರಡನೆಯದಕ್ಕೆ ಸರಕು ಖಾಲಿ. ಮೂರನೆಯದರಲ್ಲಿ ಕೈ ಸೋತು, ಬೆನ್ನೋ ಮಂಡಿಯೋ ತಾನಾಗಿ ಗುದ್ದತೊಡಗುತ್ತದೆ. ನೋಡಬೇಕಾದ್ದು ಈ ನಿಮಿಷವನ್ನೇ. ಒಂದೇ ನಿಮಿಷಕ್ಕೆ ಚಪ್ಪಾಳೆ ತಟ್ಟಿ ಮುಂದಿನದಕ್ಕೆ ಓಡಿಸುವ ತರಗತಿ ದುಡ್ಡು ದಂಡ.

ಕನ್ನಡಿಗೆ ಬಟ್ಟೆ ಇಳಿಬಿಡಿ. ಕನ್ನಡಿ ಕಂಡ ಕತ್ತು ಒಂದೇ ಕಡೆ ನಾಟಿಕೊಳ್ಳುತ್ತದೆ, ಸುತ್ತುಬಳಸಿನ ನಾಲ್ಕೂ (ಬೀಸು, ಹಿಂಡು, ಚಿಮುಕಿಸು, ತೇಲು) ಕೆಟ್ಟವು ಎಂದೇ ಲೆಕ್ಕ. ಸಾಹಿತ್ಯವಿರುವ ಹಾಡೂ ಬೇಡ. ‘ಮಳೆ’ ಎಂದು ಕೇಳಿಸಿದೊಡನೆ ಹತ್ತೂ ಬೆರಳು ಮೇಲಿಂದ ಇಳಿಯುತ್ತವೆ. ಭರತನಾಟ್ಯ ಕಲಿತವರ ಪಾಡು ಬೇರೆ. ಹೇಳದೆಯೇ ಅರೆಮಂಡಿಗೆ, ಅಂದರೆ ಮಂಡಿ ಹೊರಕ್ಕೆ ಬಾಗಿಸಿ ಅರ್ಧ ಕೂತ ನಿಲುವಿಗೆ, ಇಳಿದಿರುತ್ತಾರೆ, ತೇಲು ಎಂದರೆ ದಿಕ್ಕು ತೋಚದು. ಅರೆಮಂಡಿ ಬಿಡಿ ಎಂದರೆ ಇರುವ ನೆಲೆಯೂ ಹೋಯಿತು. ಅರೆಮಂಡಿಯಲ್ಲೇ ಇದ್ದು ತೇಲಿ ಎನ್ನಬೇಕು.

ಕೊನೆಗೆ ಜೋಡಿ ಕಟ್ಟುವುದು. ಒಬ್ಬರು 2 ನಿಮಿಷ ತೋಚಿದ್ದು ಮಾಡುತ್ತಾರೆ, ನೋಡಿದವರು ಕ್ರಿಯಾಪದ ಮಾತ್ರ ಹೇಳಬೇಕು. ‘ಸೂಪರ್’ ನಿಷಿದ್ಧ. ‘ಹಿಂಡ್ತೀರಿ, ಹಿಂಡ್ತೀರಿ, ಆಮೇಲೆ ಇದ್ದಕ್ಕಿದ್ದ ಹಾಗೆ ಚಿಮುಕಿಸ್ತೀರಿ.’ ಅಷ್ಟೇ. ಕೇಳಿಸಿಕೊಂಡವರು ಒಪ್ಪುವುದು ಅಪರೂಪ. ತೇಲುವವರು ತಾವೇ ಎಂದು ಎಲ್ಲರಿಗೂ ನಂಬಿಕೆ. ಹಾಗೆಂದು ವಾದಿಸುವಾಗಲೂ ಕೈಯಲ್ಲಿನ ಟವೆಲ್ ಹಿಂಡುತ್ತಲೇ ಇರುತ್ತಾರೆ.