ಟ್ಯಾಂಕರ್ ಮಗುಚಿದ ಜಾಗದಲ್ಲಿ ಯಜಮಾನ ಯಾರು ಮಾರಾಯ್ರೆ?

ಹೆದ್ದಾರಿಯಲ್ಲಿ ಗ್ಯಾಸ್ ಬುಲೆಟ್ ಟ್ಯಾಂಕರ್ ಮಗುಚಿದ ವಿಡಿಯೋ ಬೆಳಗ್ಗಿಂದ ಎಲ್ಲ ಗ್ರೂಪಲ್ಲೂ ಓಡ್ತಿದೆ. ಎಲ್ಲರೂ ಡ್ರೈವರನ್ನೇ ಬೈತಿದ್ದಾರೆ. ಹಿಂದೆ ನಿಂತವರನ್ನು ನೋಡಿದಿರಾ? ಪೊಲೀಸರು ಒಂದು ಮೂಲೆ, ಅಗ್ನಿಶಾಮಕದವರು ಇನ್ನೊಂದು ಮೂಲೆ, ಕಂದಾಯದ ಸಾಹೇಬರು ಜೀಪಿನ ಪಕ್ಕ ಫೋನಲ್ಲಿ. ಆಂಬುಲೆನ್ಸ್ ಅಂತೂ ಸೀದಾ ಟ್ಯಾಂಕರಿನ ಬುಡಕ್ಕೇ, ಅದೂ ಎಂಜಿನ್ ಆಫ್ ಮಾಡದೆ!

ಎಲ್‌ಪಿಜಿ ಗಾಳಿಗಿಂತ ಭಾರ. ಚರಂಡಿ ಹಿಡಿದು ತಗ್ಗಿಗೆ ಹರಿಯುತ್ತದೆ, ದೂರದಲ್ಲಿ ಯಾರೋ ಸ್ಟಾರ್ಟ್ ಮಾಡಿದ ಬೈಕಿನ ಕಿಡಿ ಸಾಕು. ಹಾಗಾಗಿ ಗಾಳಿಗೆ ಬೆನ್ನು ಕೊಟ್ಟು, ಎತ್ತರದ ಕಡೆಯಿಂದಲೇ ಹತ್ತಿರ ಹೋಗಬೇಕು. ದೊಡ್ಡ ಸೋರಿಕೆಯಾದರೆ ಗಾಳಿ ಸಾಗುವ ದಿಕ್ಕಿನಲ್ಲಿ 800 ಮೀಟರ್‌ವರೆಗೆ ಜನರನ್ನು ತೆರವು ಮಾಡಬೇಕು. ಟ್ಯಾಂಕರಿಗೇ ಬೆಂಕಿ ತಗುಲಿದರೆ ಸುತ್ತಲೂ 1,600. ಆ ಗೆರೆ ಎಳೆಯುವುದು ಅಗ್ನಿಶಾಮಕ, ಕಾಯುವುದು ಪೊಲೀಸ್. ಇಬ್ಬರೂ ಅಕ್ಕಪಕ್ಕ ನಿಲ್ಲದಿದ್ದರೆ ‘ಜನರನ್ನ ಹಿಂದೆ ಸರಿಸಿ’ ಎಂಬ ಮಾತು ಒಂದು ಕಂಟ್ರೋಲ್ ರೂಮಿಗೆ ಹೋಗಿ, ಅಲ್ಲಿಂದ ಇನ್ನೊಂದಕ್ಕೆ ಫೋನಾಗಿ, ಮತ್ತೆ ವಯರ್‌ಲೆಸ್ಸಲ್ಲಿ ಹತ್ತಡಿ ಆಚೆ ನಿಂತ ಇನ್ಸ್‌ಪೆಕ್ಟರಿಗೆ ಬರಬೇಕು. ಗ್ಯಾಸು ಅಷ್ಟು ಹೊತ್ತು ಕಾಯುತ್ತದಾ?

‘ಯಾರು ಸೀನಿಯರೋ ಅವರದ್ದೇ ಕಮಾಂಡ್’ ಅಂತೀರಿ. ಶಿಸ್ತು ಬೇಕು, ಒಪ್ಪಿದೆ. ಭುಜದ ನಕ್ಷತ್ರ ಎಣಿಸಿದರೆ ವಾಲ್ವ್ ಮುಚ್ಚಿಕೊಳ್ಳಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ ಇದನ್ನೆಲ್ಲ ಬರೆದಿಟ್ಟಿದೆ: ಜಿಲ್ಲೆಯ ಹೊಣೆ ಡಿಸಿಯದ್ದು, ಸ್ಥಳದಲ್ಲಿ ಇನ್ಸಿಡೆಂಟ್ ಕಮಾಂಡರ್ (ಅಲ್ಲಿನ ಯಜಮಾನ), ಅವರ ಕೆಳಗೆ ಆಪರೇಷನ್ಸ್ (ಕಾರ್ಯಾಚರಣೆ), ಪ್ಲಾನಿಂಗ್ (ಯೋಜನೆ), ಲಾಜಿಸ್ಟಿಕ್ಸ್ (ಸಾಮಗ್ರಿ ಪೂರೈಕೆ). ಆಪರೇಷನ್ಸ್ ಮುಖ್ಯಸ್ಥರನ್ನು ಆರಿಸುವುದು ಅವಘಡದ ಸ್ವಭಾವ ನೋಡಿ, ಪದವಿ ನೋಡಿ ಅಲ್ಲ. ಬಂದ ಗಾಡಿಗಳೆಲ್ಲ ದೂರದ ಸ್ಟೇಜಿಂಗ್ ಏರಿಯಾದಲ್ಲಿ ನಿಲ್ಲಬೇಕು, ಕರೆದರೆ ಮಾತ್ರ ಒಳಗೆ. (ಫೈಲು ಯಾವ ಬೀರುವಿನಲ್ಲಿದೆಯೋ!)

‘ನಮ್ಮ ದೇಶವೇ ಇಷ್ಟು’ ಎಂಬ ರಾಗವೂ ಬೇಡ. 2017ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಅರೀನಾದ ಬಾಂಬ್ ಸ್ಫೋಟದಲ್ಲಿ ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಮೂರೂ ಸೇವೆಗಳ ಕಮಾಂಡರುಗಳು ಒಂದೆಡೆ ಸೇರಲಿಲ್ಲ, ಅಗ್ನಿಶಾಮಕದವರು ಸ್ಥಳ ತಲುಪುವಾಗ ಎರಡು ತಾಸು ದಾಟಿತ್ತು.

ನಿಜವಾದ ಜಟಾಪಟಿ ಶುರುವಾಗುವುದು ಕ್ರೇನ್ ಬಂದ ಮೇಲೆ. ರಸ್ತೆ ಬ್ಲಾಕ್, ಮೇಲಿಂದ ಫೋನು, ‘ಎತ್ತಿ ಬದಿಗಿಡಿ ಮಾರಾಯ್ರೆ’. ಗ್ಯಾಸ್ ತುಂಬಿದ ಟ್ಯಾಂಕರಿಗೆ ಉಕ್ಕಿನ ಹಗ್ಗ ಉಜ್ಜಿದರೆ ಕಿಡಿ. ವಾಲ್ವ್ ನೆಲಕ್ಕೆ ತಾಗಿದರೆ ಮತ್ತೆ ಸೋರಿಕೆ. ಕಂಪನಿಯ ತಂಡ ಬಂದು, ಎರಡೂ ಟ್ಯಾಂಕರಿಗೆ ಅರ್ಥಿಂಗ್ ಕೊಟ್ಟು, ನೀರಿನ ಸ್ಪ್ರೇ ಸಿದ್ಧವಿಟ್ಟು, ಗ್ಯಾಸನ್ನು ಖಾಲಿ ಟ್ಯಾಂಕರಿಗೆ ದಾಟಿಸಬೇಕು. ತಾಸುಗಟ್ಟಲೆಯ ಕೆಲಸ. ಅಷ್ಟು ಹೊತ್ತು ಟ್ರಾಫಿಕ್ ಎಲ್ಲಿಂದ ತಿರುಗಿಸುವುದು ಅಂತ ಪೊಲೀಸರು, ಯಾವಾಗ ಎತ್ತಬಹುದು ಅಂತ ಅಗ್ನಿಶಾಮಕದವರು, ಒಂದೇ ಮ್ಯಾಪಿನ ಮುಂದೆ ನಿಂತು ಹೇಳಲಿ. ಕ್ರೇನಿನವನಿಗೆ ಕೈಸನ್ನೆ ಮಾಡುವುದು ಒಬ್ಬರೇ. ಮಿಕ್ಕವರು ದಯವಿಟ್ಟು ಕೈ ಜೇಬಲ್ಲಿಟ್ಟುಕೊಳ್ಳಿ.