ಬೆಳಗಿನ ಐದು ಗಂಟೆ, ಬರ್ಲಿನ್

ಯುದ್ಧ ಮುಗಿದ ಮೇಲಿನ ಬದುಕಿನ ಚಿತ್ರ ಅಂದ್ರೆ ನಮಗೆ ಮೊದಲು ನೆನಪಾಗುವುದು ಊರುಗೋಲು, ಕಾಲಿಲ್ಲದ ಸೈನಿಕ, ಅತ್ತು ಸುಸ್ತಾದ ವಿಧವೆ. ಜರ್ಮನಿಯ ಚಿತ್ರಕಾರ ಜಾರ್ಜ್ ಗ್ರೋಸ್ ಕೂಡ ಕೈಕಾಲಿಲ್ಲದ ಸೈನಿಕರನ್ನು ಬೇಕಾದಷ್ಟು ಬರೆದಿದ್ದಾನೆ. ಆದ್ರೆ ಅವನ ಇಂಕಿನ ಚಿತ್ರಗಳಲ್ಲಿ ನನ್ನನ್ನು ಬಿಡದೆ ಕಾಡೋದು ಬೇರೆ ಒಂದು. 1921ರಲ್ಲಿ ಬಂದ 'ಆಳುವ ವರ್ಗದ ಮುಖ' ಪುಸ್ತಕದಲ್ಲಿದೆ. ಹೆಸರು 'ಬೆಳಗಿನ ಐದು ಗಂಟೆ'.

ಹಾಳೆಯಲ್ಲಿ ಎರಡು ಭಾಗ. ಮೇಲೆ ಕಾರ್ಮಿಕರು ಕೆಲಸಕ್ಕೆ ಹೊರಟಿದ್ದಾರೆ. ಕೆಳಗೆ ಇನ್ನೂ ನಿನ್ನೆ ರಾತ್ರಿಯೇ ಮುಗಿದಿಲ್ಲ. ಸಿಗಾರು ಕಚ್ಚಿಕೊಂಡ ದಢೂತಿ ಗಂಡಸರು, ಮೈಮೇಲೆ ಬಟ್ಟೆ ನಿಲ್ಲದ ಹೆಂಗಸರು, ಕುಡಿದದ್ದನ್ನೆಲ್ಲ ಕಕ್ಕುತ್ತಿರುವ ಒಬ್ಬ ಮಹಾಶಯ. ಅಷ್ಟೇ.

ಊರುಗೋಲು ಕಂಡರೆ ನಾವು ಅಯ್ಯೋ ಪಾಪ ಅಂದು ಮುಂದೆ ಹೋಗಬಹುದು. ಇಲ್ಲಿ ಅಯ್ಯೋ ಅನ್ನಿಸಿಕೊಳ್ಳೋಕೆ ಯಾರೂ ನಿಂತಿಲ್ಲ. ಸುಮಾರು 20 ಲಕ್ಷ ಜರ್ಮನ್ ಸೈನಿಕರು ಸತ್ತ ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಎರಡು ಮೂರು ವರ್ಷ. ಮೇಲಿನವರ ಐದು ಗಂಟೆ ಅದೇ, ಕೆಳಗಿನವರ ಐದು ಗಂಟೆಯೂ ಅದೇ. ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ! ಯುದ್ಧದ ಬಗ್ಗೆ ಇದಕ್ಕಿಂತ ಕೆಟ್ಟ ಮಾತು ಇನ್ನೇನಿದೆ?

ಗೆರೆ ನೋಡಿ. ನೆರಳಿಲ್ಲ, ಮೆತ್ತಗಿನ ತಿರುವಿಲ್ಲ, ತಂತಿಯಂಥ ಗೆರೆ. ಇದನ್ನು ಅವನು ಕಲಿತದ್ದು ಮಕ್ಕಳ ಚಿತ್ರಗಳಿಂದ, ಮತ್ತೆ ಸಾರ್ವಜನಿಕ ಮೂತ್ರಾಲಯದ ಗೋಡೆಗಳಿಂದ. ತಮಾಷೆಯಲ್ಲ, ಅಲ್ಲಿನ ಗೀಚುಗಳನ್ನು ಕೂತು ನಕಲು ಮಾಡಿಕೊಂಡಿದ್ದೆ ಅಂತ ಅವನೇ ಹೇಳಿಕೊಂಡಿದ್ದಾನೆ.

ಸೇನೆಯ ಮೇಲಿನ ಸಿಟ್ಟೂ ಓದಿ ಬಂದದ್ದಲ್ಲ. 1914ರಲ್ಲಿ ತಾನೇ ಹೋಗಿ ಸೇರಿದ್ದ, ಕಾಯಿಲೆ ಬಿದ್ದು ವಾಪಸಾದ. 1917ರಲ್ಲಿ ಮತ್ತೆ ಕರೆ ಬಂತು, ಸೀದಾ ಆಸ್ಪತ್ರೆ ಸೇರಿದ. ಹಾಗಾಗಿಯೇ ಅವನ ಇನ್ನೊಂದು ಚಿತ್ರದಲ್ಲಿ ಸೇನೆಯ ಡಾಕ್ಟರು ಒಂದು ಅಸ್ಥಿಪಂಜರವನ್ನು ಪರೀಕ್ಷೆ ಮಾಡಿ, 'ಯುದ್ಧಕ್ಕೆ ಫಿಟ್' ಅನ್ನುತ್ತಾನೆ! ಪಕ್ಕದಲ್ಲೇ ಆಫೀಸರುಗಳು ಆರಾಮಾಗಿ ಹರಟೆ ಹೊಡೀತಿದ್ದಾರೆ. ಈ ಚಿತ್ರವಿದ್ದ 'ದೇವರು ನಮ್ಮೊಂದಿಗಿದ್ದಾನೆ' ಸಂಪುಟಕ್ಕಾಗಿ 1921ರಲ್ಲಿ ಕೋರ್ಟು ಗ್ರೋಸ್‌ಗೆ 300 ಮಾರ್ಕು ದಂಡ ಹಾಕಿತು. ಸೇನೆಯ ಮಾನ ಹೋಯಿತಂತೆ. ಅಂದಹಾಗೆ ಆ ಹೆಸರು ಗ್ರೋಸ್ ಹುಟ್ಟಿಸಿದ್ದಲ್ಲ, ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ ಇದ್ದದ್ದೇ.

'ಇವನಿಗೆ ಮನುಷ್ಯರನ್ನು ಕಂಡರೇ ಆಗಲ್ಲ' ಅಂತ ಅನ್ನುವವರಿದ್ದಾರೆ. ಇರಬಹುದು. ಆ ಹೊತ್ತಿನ ಬರ್ಲಿನ್‌ನಲ್ಲಿ ಕೂತು ಎಲ್ಲರನ್ನೂ ಪ್ರೀತಿಯಿಂದ ಬರೆದಿದ್ದರೆ ನಾನಂತೂ ಆ ಪ್ರೀತಿಯನ್ನು ನಂಬುತ್ತಿರಲಿಲ್ಲ.

ನನ್ನ ತಕರಾರು ಬೇರೆ. ಆ ಕೆಳಗಿನ ಭಾಗದ ಹೆಂಗಸರನ್ನು ನೋಡಿ. ಗಂಡಸರಿಗೆ ಒಬ್ಬೊಬ್ಬರಿಗೂ ಒಂದೊಂದು ಮುಖ, ಒಂದೊಂದು ದುರಾಸೆ. ಹೆಂಗಸರಿಗೆ ಬರೀ ಮೈ. ಅವರೂ ಯಾರದೋ ಮನೆಯ ಬಾಡಿಗೆ ಕಟ್ಟೋಕೆ ಅಲ್ಲಿಗೆ ಬಂದಿರಬಹುದು, ಅವರಿಗೂ ಅದು ಕೆಲಸದ ಹೊತ್ತೇ ಇರಬಹುದು ಅಲ್ವಾ? ಹಾಗಿದ್ದರೆ ಅವರು ಸೇರಬೇಕಾದದ್ದು ಹಾಳೆಯ ಮೇಲಿನ ಭಾಗಕ್ಕೆ. ಇನ್ನೊಂದು ಸಂಪುಟದ ಮೇಲೆ ಅಶ್ಲೀಲ ಅಂತ ಕೇಸು ಹಾಕಿ 1924ರಲ್ಲಿ ಮತ್ತೆ ದಂಡ ಹಾಕಿದ ಕೋರ್ಟಿಗೆ ಈ ಪ್ರಶ್ನೆ ಬೇಕಿರಲಿಲ್ಲ. ಗ್ರೋಸ್ ಕೇಳಿಕೊಳ್ಳಬೇಕಿತ್ತು.