ಬಾಗಿಲಿಲ್ಲದ ಗರ್ಭಗುಡಿ

ಆಸ್ಟ್ರೇಲಿಯಾದ ನಟ್ಟನಡುವಿನ ಉಲುರು ಬಂಡೆಯನ್ನು ಬುಡದಲ್ಲೇ ಒಂದು ಸುತ್ತು ಬರಬೇಕಾದರೆ ಹತ್ತು ಕಿಲೋಮೀಟರಿಗಿಂತ ತುಸು ಹೆಚ್ಚು ನಡೆಯಬೇಕು. ಹೋದ ಜೂನ್‌ನಲ್ಲಿ, ಅಲ್ಲಿನ ಚಳಿಗಾಲದ ಒಂದು ಬೆಳಗ್ಗೆ, ಟ್ರೈಪಾಡನ್ನು ಹೆಗಲಿಗೇರಿಸಿ ಆ ಸುತ್ತಿಗೆ ಹೊರಟಾಗ ನನ್ನ ಲೆಕ್ಕ ಸರಳವಾಗಿತ್ತು. ಆ ತಿಂಗಳಲ್ಲಿ ಸೂರ್ಯ ಹುಟ್ಟುವುದು ಈಶಾನ್ಯಕ್ಕೆ ಸರಿದು. ಹಾಗಾಗಿ ಮೊದಲ ಕೆಂಬೆಳಕು ಬೀಳುವುದೂ ಬಂಡೆಯ ಈಶಾನ್ಯದ ಮಗ್ಗುಲಿನ ಮೇಲೆ. ಅಲ್ಲಿಗೆ ತಲುಪಿದರೆ ಕಂಡದ್ದು ಫಲಕಗಳು: ಇದು ಪವಿತ್ರ ಸ್ಥಳ, ದಾರಿ ಬಿಟ್ಟು ಒಳಗೆ ಹೋಗಬೇಡಿ, ಇಲ್ಲಿ ಫೋಟೊ ತೆಗೆಯಬೇಡಿ. ಬೆಳಕು ಎಲ್ಲಿ ಚೆನ್ನಾಗಿತ್ತೋ ಅಲ್ಲೇ ಲೆನ್ಸಿಗೆ ಮುಚ್ಚಳ ಹಾಕಬೇಕಾಯಿತು. ಆ ಹೊತ್ತಿನಲ್ಲಿ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು.

ಊರಿಗೆ ಮರಳಿದ ಮೇಲೆ ನನ್ನ ಚಿತ್ರಗಳನ್ನು ನೋಡಿದ ಗೆಳೆಯರೊಬ್ಬರು, ಬಟಾಬಯಲಲ್ಲಿ 348 ಮೀಟರ್ ಎತ್ತರಕ್ಕೆ ನಿಂತಿರುವ ಕಲ್ಲಿಗೆ ಫೋಟೊ ನಿಷೇಧವೆಂದರೆ ಏನರ್ಥ ಎಂದು ಕೇಳಿದರು. ಇದೇ ಗೆಳೆಯರು ನಮ್ಮ ದೇವಸ್ಥಾನಗಳ ಗರ್ಭಗುಡಿಯ ಮುಂದೆ ಮೊಬೈಲನ್ನು ತಾವಾಗಿಯೇ ಜೇಬಿಗಿಳಿಸುವವರು, ಅಲ್ಲಿ ಯಾಕೆ ಎಂದು ಯಾರನ್ನೂ ಕೇಳಿದವರಲ್ಲ. ಗೋಡೆಯೂ ಹೊಸ್ತಿಲೂ ಇದ್ದಲ್ಲಿ ನಮಗೆ ಎಲ್ಲೆ ತಾನೇ ತಿಳಿಯುತ್ತದೆ; ಬೆಟ್ಟ, ಬಂಡೆ, ಕಾಡು ಎಂದರೆ ಮಾತ್ರ ಅದು ಎಲ್ಲರದೂ ಎಂದುಕೊಂಡುಬಿಡುತ್ತೇವೆ. ಪ್ರಕೃತಿಯನ್ನು ಸೆರೆಹಿಡಿಯುವ ನಮ್ಮಂಥವರಿಗೆ ಈ ಭ್ರಮೆ ಇನ್ನೂ ಒಂದು ಪಾಲು ಹೆಚ್ಚು.

ಆ ನೆಲದ ಒಡೆಯರಾದ ಅನಂಗು ಜನ ತಮ್ಮ ಕಟ್ಟಳೆ, ನಡಾವಳಿ, ಸೃಷ್ಟಿಯ ಕಥನ ಎಲ್ಲವನ್ನೂ ಒಟ್ಟಾಗಿ ‘ಚುಕುರ್ಪ’ ಎನ್ನುತ್ತಾರೆ. ಬಂಡೆಯ ಬಿರುಕು, ಗವಿ, ಕಲೆಗಳೆಲ್ಲ ಅದರೊಳಗೆ ಬರುತ್ತವೆ. ಮುಟಿಜುಲು ಎಂಬ ನೀರಿನ ಹೊಂಡದ ಹತ್ತಿರ ಕುನಿಯ ಎಂಬ ಹೆಬ್ಬಾವಿನ ಹೆಣ್ಣಿಗೂ ಲಿರು ಎಂಬ ವಿಷಸರ್ಪಗಳಿಗೂ ನಡೆದ ಜಗಳದ ಕಥೆಯನ್ನು ಅವರು ಬಂದವರಿಗೆಲ್ಲ ಹೇಳುತ್ತಾರೆ, ಅಲ್ಲಿ ಫೋಟೊಗೂ ಅಡ್ಡಿಯಿಲ್ಲ. ಬೇರೆ ಕೆಲವು ಜಾಗಗಳ ವಿಷಯ ಹಾಗಲ್ಲ: ಒಂದು ಗಂಡಸರಿಗೆ ಮಾತ್ರ ಸೇರಿದ್ದು, ಇನ್ನೊಂದು ಹೆಂಗಸರಿಗೆ ಮಾತ್ರ, ಅದೂ ಅದಕ್ಕೆ ತಕ್ಕ ಸಂಸ್ಕಾರ ಆದವರಿಗೆ. ನನ್ನ ಸಿಟ್ಟು ಇಳಿದದ್ದು ಇಲ್ಲಿ. ನಾನು ಅಲ್ಲಿ ನಿಂತು ಕಣ್ಣಾರೆ ನೋಡಿ ಹೋದರೆ ಆ ನೋಟ ನನ್ನೊಂದಿಗೇ ಹೋಗುತ್ತದೆ. ಅದೇ ನೋಟ ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ಊರೂರು ಸುತ್ತತೊಡಗಿದರೆ, ಹೆಂಗಸರ ಜಾಗವೊಂದು ಅದನ್ನು ನೋಡಬಾರದ ಅನಂಗು ಗಂಡಸಿನ ಕಣ್ಣಿಗೆ, ಅವನು ಬಯಸದೆಯೇ, ಎಂದೋ ಒಂದು ದಿನ ಬೀಳುತ್ತದೆ. ಕಟ್ಟಳೆ ಮುರಿದ ಭಾರ ಅವನ ಮೇಲೆ ಬೀಳುವುದೇ ಹೊರತು, ಶಟರ್ ಒತ್ತಿದ ನನ್ನ ಮೇಲೆ ಅಲ್ಲ.

ಈ ಮಾತು ಹೊರಗಿನವರ ಕಿವಿಗೆ ಬೀಳಲು ಹಿಡಿದ ಕಾಲ ಚಿಕ್ಕದಲ್ಲ. 1983ರಲ್ಲಿ ಪ್ರಧಾನಿ ಬಾಬ್ ಹಾಕ್ ಅವರ ಸರ್ಕಾರ ಬಂಡೆಯನ್ನು ಮೂಲದವರಿಗೆ ಮರಳಿಸುವುದಾಗಿಯೂ ಮೇಲೆ ಹತ್ತುವುದನ್ನು ನಿಲ್ಲಿಸುವುದಾಗಿಯೂ ಮಾತು ಕೊಟ್ಟಿತ್ತು. 1985ರ ಅಕ್ಟೋಬರ್ 26ರಂದು ಹಕ್ಕುಪತ್ರವೇನೋ ಕೈಗೆ ಬಂತು. ಆದರೆ ಅದರ ಬೆನ್ನಿಗೇ ಜಾಗವನ್ನು 99 ವರ್ಷಗಳ ಗೇಣಿಗೆ ರಾಷ್ಟ್ರೀಯ ಉದ್ಯಾನಕ್ಕೆ ಬಿಟ್ಟುಕೊಡಬೇಕಾಯಿತು, ಹತ್ತುವುದೂ ಮುಂದುವರಿಯಿತು. ದಯವಿಟ್ಟು ಹತ್ತಬೇಡಿ ಎಂಬ ಬೋರ್ಡಿನ ಪಕ್ಕದಲ್ಲೇ ಸರಪಳಿ ಹಿಡಿದು ಹತ್ತುವವರ ಸಾಲು ನಿಂತಿರುತ್ತಿತ್ತು. 2017ರಲ್ಲಿ, ಅನಂಗು ಸದಸ್ಯರೇ ಹೆಚ್ಚಾಗಿರುವ ಆಡಳಿತ ಮಂಡಳಿ ಒಮ್ಮತದಿಂದ ತೀರ್ಮಾನಿಸಿದ ಮೇಲೆ, 2019ರ ಅಕ್ಟೋಬರ್ 26ರಿಂದ, ಅಂದರೆ ಹಕ್ಕುಪತ್ರ ಕೈಸೇರಿ ಸರಿಯಾಗಿ 34 ವರ್ಷಕ್ಕೆ, ಹತ್ತುವುದು ನಿಂತಿತು. ಕೊನೆಯ ತಿಂಗಳುಗಳಲ್ಲಿ ಹತ್ತುವವರ ನೂಕುನುಗ್ಗಲು ಹೇಗಿತ್ತೆಂಬುದನ್ನು ಆಗಿನ ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ನಿಲ್ಲಿಸಿದ ಮೇಲೂ ಬಂಡೆಯ ನೆತ್ತಿಯ ಚಿತ್ರಗಳು ಗೂಗಲ್ ನಕ್ಷೆಯಲ್ಲಿ ಉಳಿದಿದ್ದವು, ಕಾಲಿಡಲಾಗದ ಜಾಗದಲ್ಲಿ ಯಾರು ಬೇಕಾದರೂ ಕುಳಿತಲ್ಲೇ ಅಡ್ಡಾಡಬಹುದಿತ್ತು. ಉದ್ಯಾನದವರು ಕೇಳಿಕೊಂಡ ಮೇಲೆ 2020ರಲ್ಲಿ ಗೂಗಲ್ ಅವನ್ನು ತೆಗೆದುಹಾಕಿತು. ದಾರಿಗೆ ಬೇಲಿ ಹಾಕಿ ಚಿತ್ರವನ್ನು ಬಿಟ್ಟರೆ ಅರ್ಧ ಕೆಲಸವಷ್ಟೇ ಆಗುತ್ತದೆ ಎಂಬುದನ್ನು ಅವರು ಸರಿಯಾಗಿಯೇ ಕಂಡುಕೊಂಡಿದ್ದರು.

ನಾನು ಪುತ್ತೂರು ಕಡೆಯವನು. ನಮ್ಮ ಮನೆತನದ ನಾಗಬನಕ್ಕೆ ತಂಬಿಲ ಎಂಬ ನಾಗನ ಪೂಜೆ, ನಾಗರಪಂಚಮಿಯ ಹೊರತು ಯಾರೂ ಕಾಲಿಡುತ್ತಿರಲಿಲ್ಲ. ಬಿದ್ದ ಸೌದೆಯನ್ನೂ ಹೆಕ್ಕುತ್ತಿರಲಿಲ್ಲ. ಹಿಂದೊಮ್ಮೆ ಒಳಗಿನ ಬಳ್ಳಿಗಳ ಚಿತ್ರ ತೆಗೆಯುತ್ತೇನೆಂದು ಹೊರಟಾಗ ದೊಡ್ಡಪ್ಪ, “ಹೊರಗಿಂದ ನೋಡಿದ್ದು ಸಾಕು ಮಾರಾಯ” ಎಂದಿದ್ದರು. ಕಾರಣ ಕೇಳುವ ಧೈರ್ಯ ನನಗಿರಲಿಲ್ಲ, ಹೇಳುವ ಅಭ್ಯಾಸ ಅವರಿಗಿರಲಿಲ್ಲ. (ನಮ್ಮ ಕಡೆ ಎಷ್ಟೋ ಬನಗಳು ಹಾಳಾದದ್ದು ಕ್ಯಾಮೆರಾದಿಂದಲ್ಲ, ಜೀರ್ಣೋದ್ಧಾರದ ಹೆಸರಿನಲ್ಲಿ ಮರ ಕಡಿದು ಕಟ್ಟಿದ ಸಿಮೆಂಟು ಕಟ್ಟೆಗಳಿಂದ ಎಂಬುದನ್ನೂ ಇಲ್ಲಿ ಹೇಳಲೇಬೇಕು.) ಅನಂಗು ಜನರ ಕಟ್ಟಳೆಯೂ ನಮ್ಮ ಬನದ ಕಟ್ಟಳೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ದೊಡ್ಡಪ್ಪನ ಮಾತಿಗೆ ತಲೆಬಾಗಿದವನು ಉಲುರುವಿನ ಫಲಕಕ್ಕೆ ಮಾತ್ರ ಕಾರಣ ಕೇಳಲು ಹೊರಟಿದ್ದೆನಲ್ಲ, ಅದಷ್ಟೇ ನನ್ನನ್ನು ಕಾಡಿದ್ದು.

ಹಾಗೆಂದು ಅಲ್ಲಿನ ನಿಯಮಗಳೆಲ್ಲ ನನಗೆ ಒಪ್ಪಿಗೆಯೇ ಎಂದರೆ, ಇಲ್ಲ. ವ್ಯಾಪಾರಕ್ಕಾಗಿ ತೆಗೆಯುವ ಚಿತ್ರಗಳಿಗೆ ಮೊದಲೇ ಅನುಮತಿ ಪಡೆಯಬೇಕು, ಡ್ರೋನ್ ಹಾರಿಸುವಂತಿಲ್ಲ, ಇವೆರಡೂ ನ್ಯಾಯವೇ. ಆದರೆ ಇಂದು ಮನೆಯವರಿಗೆ ತೋರಿಸಲೆಂದು ತೆಗೆದ ಚಿತ್ರ ನಾಳೆ ಹಣ ತರುವ ವಿಡಿಯೊ ಆಗುವ ಕಾಲದಲ್ಲಿ ಖಾಸಗಿ ಯಾವುದು, ವ್ಯಾಪಾರ ಯಾವುದು ಎಂಬ ಗೆರೆ ನಿಲ್ಲುವುದಿಲ್ಲ. ಅದಕ್ಕಿಂತ ಯಾವ ಜಾಗದ ಯಾವ ಮಗ್ಗುಲು ಚಿತ್ರದಲ್ಲಿ ಬರಬಾರದು ಎಂಬುದನ್ನೇ ನಿಯಮದ ನಡುಗಂಬವಾಗಿಸಿ, ತೆಗೆದವರು ಯಾರೇ ಇರಲಿ, ಎಲ್ಲರಿಗೂ ಅದನ್ನೇ ಅನ್ವಯಿಸುವುದು ಮೇಲು ಎಂದು ನನ್ನ ಅಭಿಪ್ರಾಯ.

ಆ ಬೆಳಗ್ಗೆ ಈಶಾನ್ಯದ ಮಗ್ಗುಲಿನಲ್ಲಿ ನಾನು ತೆಗೆದದ್ದು ಮೂರೇ ಚಿತ್ರ, ಮೂರೂ ಬಂಡೆಗೆ ಬೆನ್ನು ಕೊಟ್ಟು ನಿಂತು ತೆಗೆದವು: ಕೆಂಪು ಮರಳು, ಅದರ ಮೇಲೆ ಸ್ಪಿನಿಫೆಕ್ಸ್ ಹುಲ್ಲಿನ ಗುಂಡುಗುಂಡಗಿನ ಪೊದೆಗಳು, ಅವುಗಳಾಚೆಗೆ ಆಗಷ್ಟೇ ಮೇಲೇರಿದ್ದ ಸೂರ್ಯ. ಲೆನ್ಸಿಗೆ ನೇರ ಬಿಸಿಲು ಬಿದ್ದು ಎರಡು ಕೆಟ್ಟುಹೋದವು.